ಬಗ್ಗಿ ನೋಡಿ ಸಾರ್

ಚಿತ್ರಕಲಾ ಗ್ಯಾಲರಿಗೆ ಬರುವವರಿಗೆ ಒಂದು ಗತ್ತು ಇರುತ್ತದೆ. ಕೈ ಎರಡೂ ಬೆನ್ನ ಹಿಂದೆ. ಚಿತ್ರದ ಎದುರು ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ತಲೆಯನ್ನು ತುಸು ಓರೆ ಮಾಡಿ ‘ಹ್ಞೂಂ’ ಎನ್ನಬೇಕು. ಆ ಹ್ಞೂಂಕಾರದಲ್ಲಿ ಇರುವುದು ಮೆಚ್ಚುಗೆಯೋ ಹಸಿವೋ ಎಂಬುದು ಕಲಾವಿದನಿಗೆ ತಿಳಿಯಕೂಡದು. ಅರ್ಥವಾಗದಿದ್ದರೂ ತೊಂದರೆಯಿಲ್ಲ, ಪಕ್ಕದವರಿಗೂ ಆಗಿರುವುದಿಲ್ಲ.

ಸ್ಟೀರಿಯೊ ಫೋಟೊ ಈ ಗತ್ತನ್ನು ಬಾಗಿಲಲ್ಲೇ ಇಳಿಸಿಬಿಡುತ್ತದೆ. ಅದನ್ನು ನೋಡಬೇಕಾದರೆ ಬಗ್ಗಬೇಕು. ಎರಡು ಮಸೂರ ಕೂರಿಸಿದ ಪೆಟ್ಟಿಗೆಗೆ ಮುಖ ಒತ್ತಬೇಕು. ಆಗ ಬಗ್ಗಿದವರಿಗೆ ಹಂಪಿ ಕಾಣುತ್ತದೆ, ಸರದಿಯಲ್ಲಿ ಹಿಂದೆ ನಿಂತವರಿಗೆ ಬಗ್ಗಿದವರು ಕಾಣುತ್ತಾರೆ. ನನ್ನ ಪ್ರದರ್ಶನಕ್ಕೆ ಬಂದವರಲ್ಲಿ ಅರ್ಧದಷ್ಟು ಮಂದಿ ಎರಡನೆಯದನ್ನು ನೋಡಿಯೇ ಹೆಚ್ಚು ಖುಷಿಪಟ್ಟರು ಎಂದು ನನ್ನ ಗುಮಾನಿ.

ಇದರ ಹಿಂದಿನ ತತ್ತ್ವ ಸರಳ. ನಮ್ಮ ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಎಡಗಣ್ಣು ಹೇಳಿದ್ದನ್ನು ಬಲಗಣ್ಣು ಪೂರ್ತಿ ಒಪ್ಪುವುದಿಲ್ಲ. ಮಿದುಳು ನಡುವೆ ಕೂತು ರಾಜಿ ಮಾಡಿಸುತ್ತದೆ; ಆ ರಾಜಿಯಿಂದ ಸಿಗುವುದೇ ಆಳ. 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದನ್ನು ಎರಡು ಕನ್ನಡಿ ಮತ್ತು ಎರಡು ಗೆರೆಚಿತ್ರಗಳಿಂದ ನಿರೂಪಿಸಿದ. ಫೋಟೊಗ್ರಫಿಯ ಸುದ್ದಿ ಲೋಕಕ್ಕೆ ತಿಳಿದದ್ದು ಮರುವರ್ಷ. ಫೋಟೊ ಬರುವ ಮೊದಲೇ ಅದನ್ನು ಉಬ್ಬಿಸಿ ತೋರಿಸುವ ಉಪಾಯ ತಯಾರಾಗಿ ಕೂತಿತ್ತು.

ಇದರ ತೊಡಕು ನನಗೆ ಎದುರಾದದ್ದು ಗ್ಯಾಲರಿಯ ಅರ್ಜಿ ತುಂಬುವಾಗ. ಎಡಗಡೆಯ ಫೋಟೊ ಚಪ್ಪಟೆ, ಬಲಗಡೆಯದೂ ಚಪ್ಪಟೆ. ನಾನು ತೋರಿಸಬೇಕೆಂದಿದ್ದ ಮೂರನೆಯ ಚಿತ್ರ ನೋಡುವವರ ತಲೆಯೊಳಗೆ ಮಾತ್ರ ಇರುತ್ತದೆ. ‘ಕಲಾಕೃತಿಯ ಮಾಧ್ಯಮ’ ಎಂಬ ಖಾಲಿ ಜಾಗದಲ್ಲಿ ‘ವೀಕ್ಷಕರ ಮಿದುಳು’ ಎಂದು ಬರೆದೆ. ಗುಮಾಸ್ತರು ಕನ್ನಡಕ ಏರಿಸಿ ಓದಿ, “ಅಳತೆ ಹಾಕಿಲ್ಲವಲ್ಲ ಸಾರ್? ಸೆಂಟಿಮೀಟರಲ್ಲಿ ಹಾಕ್ಬೇಕು” ಎಂದರು.

ಇನ್ನು ತೂಗುಹಾಕುವ ಕೆಲಸ. ಚಿಕ್ಕ ಫೋಟೊಗಳಿಗೆ ಪೆಟ್ಟಿಗೆಗಳಿದ್ದವು. ಗೋಡೆಯ ಮೇಲಿನ ದೊಡ್ಡ ಜೋಡಿಗಳಿಗೆ ಕನ್ನಡಿ ಕೂರಿಸಿದ ಕೈಪೆಟ್ಟಿಗೆ ಕೊಡುವುದೆಂದು ಏರ್ಪಾಡು. ಕಣ್ಣುಗಳು ಅಕ್ಕಪಕ್ಕಕ್ಕೆ ಎಷ್ಟು ಬೇಕಾದರೂ ಹೊಂದಿಕೊಂಡು ಹೋಗುತ್ತವೆ. ಮೇಲೆ ಕೆಳಗೆ ಮಾತ್ರ ಸುತರಾಂ ಒಪ್ಪುವುದಿಲ್ಲ. ಜೋಡಿಯಲ್ಲಿ ಒಂದು ಫೋಟೊ ಬೆರಳಗಲ ಮೇಲಾದರೆ ನೋಡುವವರಿಗೆ ತಲೆನೋವು ಖಚಿತ. ಮೊಳೆ ಹೊಡೆಯಲು ಬಂದವರಿಗೆ ಇದನ್ನು ವಿವರಿಸಿ ಮಟ್ಟಗೋಲು ಕೊಡಹೋದೆ. ಅವರು ನಕ್ಕು, ಮೂವತ್ತು ವರ್ಷದಿಂದ ಕಣ್ಣಳತೆಯಲ್ಲೇ ಹೊಡೆಯುತ್ತಿರುವುದಾಗಿ ಹೇಳಿ, ಒಂದು ಕಣ್ಣು ಮುಚ್ಚಿಕೊಂಡು ಗೋಡೆ ನೋಡಿದರು. ಎರಡು ಕಣ್ಣಿನ ಕಲೆಯನ್ನು ಒಂದೇ ಕಣ್ಣಿನವರ ಕೈಗೆ ಒಪ್ಪಿಸಿದ್ದಾಯಿತು.

ಗ್ಯಾಲರಿಯ ಕಾವಲುಗಾರ ರಾಯಚೂರಿನ ಕಡೆಯವನು. ಎಲ್ಲವನ್ನೂ ತೂಗುಹಾಕಿದ ಮೇಲೆ ಒಂದು ಸುತ್ತು ಹಾಕಿ ಬಂದು ಮೆಲ್ಲಗೆ ಕೇಳಿದ: “ಸಾಹೇಬ್ರ, ಒಂದ ಫೋಟೊ ಎರಡೆರಡು ಯಾಕ ಹಾಕೀರಿ? ಒಂದು ಕೆಟ್ರ ಇನ್ನೊಂದು ಇರ್ಲಿ ಅಂತೇನ್ರಿ?”

ಮೊದಲ ದಿನವೇ ಬಂದವರು ಒಬ್ಬ ವಿಮರ್ಶಕರು. ಹಂಪಿಯ ಕಲ್ಲಿನ ರಥದ ಎದುರು ಕೈಪೆಟ್ಟಿಗೆ ಹಿಡಿದು ಬಹಳ ಹೊತ್ತು ನಿಂತರು. ನನಗೆ ಹೆಮ್ಮೆಯಾಯಿತು. ಹತ್ತಿರ ಹೋದಾಗ ಅವರೆಂದರು: “ಆಕಾಶ ಮುಂದೆ ಬಂದು ರಥವನ್ನು ನುಂಗುತ್ತಿದೆ. ಚಕ್ರ ಒಳಕ್ಕೆ ಕುಸಿದು ಬಿಲವಾಗಿದೆ. ಸಾಮ್ರಾಜ್ಯದ ಪೊಳ್ಳುತನವನ್ನು ಇಷ್ಟು ತಣ್ಣಗೆ ಹೇಳಿದವರನ್ನು ನಾನು ಕಂಡಿಲ್ಲ.” ನಾನೂ ಇಣುಕಿದೆ. ಎಡಗಡೆಯ ಫೋಟೊವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದ್ದರು, ಮೊಳೆಯವರು. ಹಾಗೆ ಅದಲುಬದಲಾದರೆ ಉಬ್ಬು ತಗ್ಗಾಗುತ್ತದೆ, ಹತ್ತಿರದ್ದು ದೂರ ಓಡುತ್ತದೆ. ಈ ತಮಾಷೆ ನೋಡಲೆಂದೇ ವೀಟ್‌ಸ್ಟನ್ 1852ರಲ್ಲಿ ಒಂದು ಉಪಕರಣವನ್ನು ವಿವರಿಸಿದ್ದಾನೆ. ಅವನ ಕಾಲದಲ್ಲಿ ಅದಕ್ಕೆ ಸಾಮ್ರಾಜ್ಯದ ಪೊಳ್ಳುತನ ಎಂಬ ಹೆಸರಿರಲಿಲ್ಲ, ಅಷ್ಟೇ. ಸಂಜೆ ಬಾಗಿಲು ಹಾಕಿದ ಮೇಲೆ ಫೋಟೊಗಳನ್ನು ಸರಿಮಾಡಿಸಿದೆ. ಮರುದಿನ ವಿಮರ್ಶಕರು ಗೆಳೆಯರೊಬ್ಬರನ್ನು ಕರೆತಂದರು. ಮತ್ತೆ ನೋಡಿ, ನಿಟ್ಟುಸಿರು ಬಿಟ್ಟು, “ನಿನ್ನೆ ಇದ್ದ ಧ್ವನಿ ಇವತ್ತು ಇಲ್ಲ” ಎಂದು ಗೆಳೆಯರಿಗೆ ಹೇಳಿದರು.

ಅವರ ಗೆಳೆಯರಂತೂ ಇನ್ನೂ ದೊಡ್ಡ ಪರೀಕ್ಷೆ. ಎಷ್ಟು ಇಣುಕಿದರೂ ಅವರಿಗೆ ಎಲ್ಲವೂ ಚಪ್ಪಟೆ. ಕೆಲವರ ಕಣ್ಣುಗಳು ಚಿಕ್ಕಂದಿನಿಂದ ಜೊತೆಗೂಡಿ ನೋಡುವುದನ್ನು ಕಲಿತೇ ಇರುವುದಿಲ್ಲ. ಅನೇಕರಿಗೆ ಅದು ಗೊತ್ತೂ ಇರುವುದಿಲ್ಲ, ಏಕೆಂದರೆ ಮೆಟ್ಟಿಲಿಳಿಯಲು, ಲೆಕ್ಕ ಬರೆಯಲು, ಜಗಳವಾಡಲು ಅದೇನೂ ಬೇಕಿಲ್ಲ. ಈ ಕಷ್ಟ ನನಗಿಂತ ಮೊದಲು ಪ್ಯಾರಿಸ್ಸಿನ ಪಾದ್ರಿ ಮ್ವಾನ್ಯೊನಿಗೆ ಬಂದಿತ್ತು. ಡೇವಿಡ್ ಬ್ರೂಸ್ಟರ್ ರೂಪಿಸಿದ ಮಸೂರದ ಪೆಟ್ಟಿಗೆಯನ್ನು ಹೊತ್ತುಕೊಂಡು ಆತ ವಿಜ್ಞಾನ ಅಕಾಡೆಮಿಯ ಘಟಾನುಘಟಿಗಳ ಮನೆಗಳಿಗೆ ತಿರುಗಿದನಂತೆ. ಅರಾಗೊಗೆ ಮೊದಲೇ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಪೂಯೆಗೆ ಮೆಳ್ಳೆಗಣ್ಣು. ಕೊನೆಗೆ ರೆನ್ಯೊ ಎಂಬ ಪುಣ್ಯಾತ್ಮನಲ್ಲಿ ಎರಡು ನೆಟ್ಟಗಿನ ಕಣ್ಣು ಸಿಕ್ಕಿ, ಫ್ರಾನ್ಸಿನ ವಿಜ್ಞಾನಕ್ಕೆ ಆಳ ಕಂಡಿತಂತೆ. ಈ ಕಥೆ ಸ್ಟೀರಿಯೊದವರ ಬಾಯಲ್ಲಿ ಬೆಳೆಯುತ್ತಾ ಬಂದಿರಬಹುದು. ನಾನಂತೂ ಅದನ್ನು ಸಾಂತ್ವನಕ್ಕಾಗಿ ಪೂರ್ತಿ ನಂಬುತ್ತೇನೆ. ಮುಂದೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ರಾಣಿ ವಿಕ್ಟೋರಿಯಾ ಅದೇ ಪೆಟ್ಟಿಗೆಯನ್ನು ಮೆಚ್ಚಿದಳು, ಅಲ್ಲಿಂದ ಅದು ಮನೆಮನೆಗೆ ನುಗ್ಗಿತು. ರಾಣಿಯೂ ಬಗ್ಗಿಯೇ ನೋಡಿರಬೇಕು.

ಮನೆಮನೆಗೆ ನುಗ್ಗಿದ್ದೇ ಇದಕ್ಕೆ ಮುಳುವಾಯಿತೇನೋ. 1859ರಲ್ಲಿ ಪ್ಯಾರಿಸ್ಸಿನ ಸಲೋನ್ ಕಲಾಪ್ರದರ್ಶನದ ಕುರಿತು ಬರೆಯುತ್ತಾ ಕವಿ ಬೋದಿಲೇರ್ ಈ ಪೆಟ್ಟಿಗೆಗೆ ಮುಗಿಬೀಳುವ ಜನರನ್ನು ಹಿಗ್ಗಾಮುಗ್ಗಾ ಹಳಿದ. ಅದೇ ವರ್ಷ ಅಮೆರಿಕದಲ್ಲಿ ಆಲಿವರ್ ವೆಂಡಲ್ ಹೋಮ್ಸ್ ಎಂಬ ವೈದ್ಯ ಇದನ್ನು ಹೊಗಳಿ ಉದ್ದನೆಯ ಪ್ರಬಂಧ ಬರೆದ. ಅಷ್ಟಕ್ಕೇ ನಿಲ್ಲದೆ ಕೈಯಲ್ಲಿ ಹಿಡಿಯುವ ಹಗುರ ಪೆಟ್ಟಿಗೆ ಮಾಡಿ, ಪೇಟೆಂಟ್ ಕೂಡ ಪಡೆಯದೆ ಊರಿಗೆಲ್ಲ ಬಿಟ್ಟುಕೊಟ್ಟ. ಚಿಕ್ಕ ಫೋಟೊಗಳಿಗೆ ನಾನು ಬಳಸಿದ ಪೆಟ್ಟಿಗೆಗಳು ಅವನ ಮಾದರಿಯವೇ. ಕವಿ ಬೈದ, ವೈದ್ಯ ಹೊಗಳಿದ. ಗ್ಯಾಲರಿಗಳು ಕವಿಯ ಮಾತನ್ನೇ ಹಿಡಿದುಕೊಂಡವು. ಇಂದಿಗೂ ಸ್ಟೀರಿಯೊ ಎಂದರೆ ಆಟಿಕೆ ಎಂಬ ಭಾವನೆ ಇದೆ. ನನ್ನಲ್ಲಿಗೆ ಬಂದ ನಡುವಯಸ್ಸಿನವರೆಲ್ಲ ಪೆಟ್ಟಿಗೆ ಎತ್ತಿಕೊಂಡ ಕೂಡಲೇ, “ಓ, ವ್ಯೂ ಮಾಸ್ಟರ್! ನಮ್ಮ ಮಾವ ಫಾರಿನ್‌ನಿಂದ ತಂದಿದ್ರು” ಎಂದರು. 1939ರಲ್ಲಿ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಹೊರಬಂದ ಆ ಆಟಿಕೆಯ ಬಿಲ್ಲೆಯಲ್ಲಿ ಹದಿನಾಲ್ಕು ಚಿಕ್ಕ ಚಿತ್ರ, ನೋಡುವವರಿಗೆ ಏಳೇ. ಚಿತ್ರಕಾರ ಡಾಲಿ ಕೂಡ 1970ರ ದಶಕದಲ್ಲಿ ಜೋಡಿ ಜೋಡಿಯಾಗಿ ಸ್ಟೀರಿಯೊ ವರ್ಣಚಿತ್ರಗಳನ್ನು ಬರೆದಿದ್ದಾನೆ ಎಂದು ನಾನು ಅವರಿಗೆಲ್ಲ ಹೇಳಿದೆ. ಅವರು ಮಾವನ ವಿಷಯವನ್ನೇ ಮುಂದುವರಿಸಿದರು.

ಹಣೆ ಒತ್ತುವ ಕಡೆ ಬಟ್ಟೆಯ ಪಟ್ಟಿ ಇರುವ ಪೆಟ್ಟಿಗೆಗಳನ್ನು ನಮ್ಮ ಊರಿನಲ್ಲಿ ಇಟ್ಟರೆ ಏನಾಗುತ್ತದೆಂದು ಹೋಮ್ಸ್ ಊಹಿಸಿರಲಾರ. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಬಂದ ಅಜ್ಜಿಯ ಕುಂಕುಮ ಪಟ್ಟಿಗೆ ಹತ್ತಿತು. ಅದು ಹಿಂದೆ ಬಂದ ಇಂಜಿನಿಯರ್ ಹುಡುಗನ ಹಣೆಗೆ ಹೋಯಿತು. ಒಬ್ಬರು ವಿಭೂತಿ ಬಿಟ್ಟುಹೋದರು, ಇನ್ನೊಬ್ಬರು ಅದನ್ನು ತೆಗೆದುಕೊಂಡು ಹೋದರು. ಅಂಗಾರ, ಅಕ್ಷತೆ, ಫೌಂಡೇಶನ್ ಕ್ರೀಮು, ಭೃಂಗಾಮಲಕ ತೈಲ ಎಲ್ಲವೂ ಕೈಬದಲಾದವು. ನಾಮ ಇಟ್ಟುಕೊಂಡು ಬಂದ ಮೇಷ್ಟರೊಬ್ಬರು ಅಡ್ಡಗೆರೆಗಳೊಡನೆ ಹೊರಟದ್ದನ್ನು ಕಂಡು, ಮನೆಯಲ್ಲಿ ಏನಾಗುವುದೋ ಎಂದು ಕರೆದು ಕರವಸ್ತ್ರ ಕೊಟ್ಟೆ. ಸಾಮರಸ್ಯದ ಬಗ್ಗೆ ಭಾಷಣ ಮಾಡುವವರು ಒಂದು ಸ್ಟೀರಿಯೊ ಪ್ರದರ್ಶನ ಏರ್ಪಡಿಸಬಹುದು.

ಪೆಟ್ಟಿಗೆ ಬೇಡವೆನ್ನುವವರಿಗಾಗಿ ಒಂದೇ ಹಾಳೆಯಲ್ಲಿ ಎರಡು ಬಣ್ಣಗಳಲ್ಲಿ ಮುದ್ರಿಸಿದ ಚಿತ್ರಗಳೂ ಇದ್ದವು. ನೋಡಲು ಕೆಂಪು–ನೀಲಿ ರಟ್ಟಿನ ಕನ್ನಡಕ. ಆ ಚಿತ್ರಗಳಲ್ಲಿ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯೂ ಇತ್ತು. ಸ್ಟೀರಿಯೊಗೆ ರಾಶಿ, ಪೊದೆ, ಬಿಳಲು, ಸಂತೆ ಇಂಥ ಗೋಜಲುಗಳೆಂದರೆ ಪ್ರಾಣ. ಚಪ್ಪಟೆ ಫೋಟೊದಲ್ಲಿ ಕಲಸಿಹೋಗುವುದೆಲ್ಲ ಇಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ಆದರೆ ಈ ಕನ್ನಡಕಕ್ಕೂ ಕೆಂಪು ಬಣ್ಣಕ್ಕೂ ಆಗಿಬರುವುದಿಲ್ಲ. ಅದೇ ಮೆಣಸಿನಕಾಯಿ ಒಂದು ಕಣ್ಣಿಗೆ ಬೆಳ್ಳಗೆ, ಇನ್ನೊಂದಕ್ಕೆ ಕಪ್ಪಗೆ. ರಾಜಿ ಮುರಿದುಬಿದ್ದು ರಾಶಿಯೆಲ್ಲ ಪತರಗುಟ್ಟುತ್ತದೆ. ಒಬ್ಬಾಕೆ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾ, “ಎಷ್ಟು ನೈಜವಾಗಿದೆ, ಖಾರ ಕಣ್ಣಿಗೇ ಹತ್ತಿತು” ಎಂದು ಹೊಗಳಿದರು. ಧನ್ಯವಾದ ಹೇಳಿದೆ.

ಈ ಕಲೆಯಲ್ಲಿ ಯಾವ ಇಬ್ಬರೂ ಒಟ್ಟಿಗೆ ನೋಡಲಾಗುವುದಿಲ್ಲ. ‘ಅಲ್ಲಿ ನೋಡು’ ಎಂದು ಬೆರಳು ತೋರಿಸಿದರೆ ಬೆರಳು ಪೆಟ್ಟಿಗೆಗೆ ಬಡಿಯುತ್ತದೆ. 1880ರ ದಶಕದಲ್ಲಿ ಬರ್ಲಿನ್ನಿನ ಆಗಸ್ಟ್ ಫುಹ್ರ್‌ಮನ್ ಒಂದು ದೊಡ್ಡ ಮರದ ಪೀಪಾಯಿಯ ಸುತ್ತ ಇಪ್ಪತ್ತೈದು ಜನರನ್ನು ಕೂರಿಸಿ, ಗಂಟೆ ಬಾರಿಸಿ ಚಿತ್ರ ಸರಿಸುತ್ತಿದ್ದ. ಇಪ್ಪತ್ತೈದು ಜನ ಒಂದೇ ಕಡೆ ಮುಖ ಹಾಕಿ, ಒಬ್ಬೊಬ್ಬರು ಒಂದೊಂದು ಊರಿನಲ್ಲಿ. ನನ್ನಲ್ಲಿ ಗಂಟೆ ಇರಲಿಲ್ಲ, ಕಾವಲುಗಾರನಿದ್ದ. ಜಾತ್ರೆಯಲ್ಲಿ ಪೆಟ್ಟಿಗೆ ಹೊತ್ತು ದಿಲ್ಲಿ, ಬೊಂಬಾಯಿ ತೋರಿಸುವವರನ್ನು ಚಿಕ್ಕಂದಿನಲ್ಲಿ ಕಂಡವನಾದ್ದರಿಂದ ಅವನಿಗೆ ಯಾವ ಸಿದ್ಧಾಂತವೂ ಬೇಕಾಗಲಿಲ್ಲ. ನಾನು ಬೈನಾಕ್ಯುಲರ್ ದೃಷ್ಟಿ, ಆಳದ ಅನುಭೂತಿ ಎಂದು ಪೀಠಿಕೆ ಹಾಕುವಷ್ಟರಲ್ಲಿ, “ಬಗ್ರಿ ಸಾಹೇಬ್ರ, ಇನ್ನೊಂದೀಟು ಬಗ್ರಿ. ಕಣ್ಣು ಮುಚ್ಚಬ್ಯಾಡ್ರಿ. ಕಂಡ್ತಿಲ್ರಿ ರಥ? ಕೈ ಹಾಕಬ್ಯಾಡ್ರಿ, ಸಿಗಂಗಿಲ್ಲ” ಎಂದು ಒಬ್ಬೊಬ್ಬರ ಕುತ್ತಿಗೆ ಹಿಡಿದು ಪೆಟ್ಟಿಗೆಗೆ ಹೊಂದಿಸುತ್ತಿದ್ದ. ಯಾರಾದರೂ “ಅಬ್ಬಾ!” ಎಂದರೆ ನನ್ನ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದ. ಸಂದರ್ಶಕರ ಪುಸ್ತಕದಲ್ಲಿ ಮೂರು ಕಡೆ ಅವನ ಹೊಗಳಿಕೆ ಇದೆ. ಒಬ್ಬರು ಅವನನ್ನೇ ಛಾಯಾಗ್ರಾಹಕ ಎಂದುಕೊಂಡು ಸಹಿ ಹಾಕಿಸಿಕೊಂಡು ಹೋದರು.

ಮಾರಾಟದ ಮಾತಿಗೆ ಬಂದರೆ, ಕೊನೆಯ ದಿನದವರೆಗೂ ಏನೂ ಹೋಗಲಿಲ್ಲ. ಕಲ್ಲಿನ ರಥದ ಬೆಲೆ ಕೇಳಿದ ಒಬ್ಬರು, “ಈ ಚಿತ್ರಾನ ರಿಸರ್ವ್ ಬ್ಯಾಂಕೇ ಐವತ್ತು ರೂಪಾಯಿಗೆ ಕೊಡುತ್ತಲ್ಲ ಸ್ವಾಮಿ” ಎಂದು ಜೇಬಿನಿಂದ ನೋಟು ತೆಗೆದು ತೋರಿಸಿದರು. ನೋಟಿನಲ್ಲಿ ರಥ ನಿಜಕ್ಕೂ ಚೆನ್ನಾಗಿದೆ.

ಬಾಗಿಲು ಹಾಕುವ ಹೊತ್ತಿಗೆ ದಂಪತಿಗಳು ಬಂದರು. ಕೈಪೆಟ್ಟಿಗೆ ಮುಟ್ಟಲೇ ಇಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ರಥದ ಜೋಡಿಯನ್ನು ಬರಿಗಣ್ಣಿನಲ್ಲೇ ಬಹಳ ಹೊತ್ತು ನೋಡಿದರು.

“ಒಂದು ಸಾಕು ನಮಗೆ. ಬಲಗಡೇದು ಕೊಡಿ,” ಎಂದರು ಯಜಮಾನರು. “ಅದರಲ್ಲಿ ಚಕ್ರ ಸ್ವಲ್ಪ ಜಾಸ್ತಿ ಕಾಣುತ್ತೆ.”

“ಎಡಗಡೇದೇ ಚೆನ್ನಾಗಿದೆ ಕಣ್ರೀ. ನಿಮಗೇನ್ ಗೊತ್ತಾಗುತ್ತೆ?” ಎಂದರು ಅವರ ಮನೆಯವರು.

ಎರಡೂ ಒಂದೇ ಎಂದು ಊರೆಲ್ಲ ಹೇಳಿಹೋದ ಫೋಟೊಗಳಲ್ಲಿ ವ್ಯತ್ಯಾಸ ಕಂಡ ಮೊದಲ ಜೋಡಿ ಇದು. ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಸೇರಿದರೆ ಮಾತ್ರ ರಥ ಎದ್ದು ನಿಲ್ಲುತ್ತದೆ, ಬೇರೆ ಮಾಡಬೇಡಿ, ಪೆಟ್ಟಿಗೆಯನ್ನು ಬೇಕಾದರೆ ಪುಕ್ಕಟೆ ಕೊಡುತ್ತೇನೆ ಎಂದು ಬೇಡಿಕೊಂಡೆ. ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಆಮೇಲೆ ಆಕೆ ಪರ್ಸ್ ತೆಗೆದರು.

“ಸರಿ, ಎರಡನ್ನೂ ಕೊಡಿ. ಅವರದ್ದು ಹಾಲ್‌ನಲ್ಲಿರಲಿ, ನಂದು ರೂಮಿಗೆ. ಬಿಲ್ ಮಾತ್ರ ಬೇರೆ ಬೇರೆ ಮಾಡಿ.”