ಹಟ್ಟಿ ತಿಪ್ಪಜ್ಜನೂ ಐರ್ಲೆಂಡಿನ ಅಜ್ಜನೂ

ಮಾರ್ಚ್ ಬಂತೆಂದರೆ ನಮ್ಮ ಸೀಮೆಯಲ್ಲಿ ಎದುರಾದವರೆಲ್ಲ ಕೇಳೋದು ಒಂದೇ, "ಹಟ್ಟಿ ಜಾತ್ರೆಗೆ ಹೊರಟ್ರಾ?" ಹಟ್ಟಿ ಅಂದರೆ ನಾಯಕನಹಟ್ಟಿ, ಜಾತ್ರೆ ನಮ್ಮ ಸಂತ ತಿಪ್ಪಜ್ಜನದು. ಅದೇ ತಿಂಗಳ 17ಕ್ಕೆ ಐರ್ಲೆಂಡಿನವರಿಗೂ ಒಬ್ಬ ಅಜ್ಜನ ಹಬ್ಬ ಇದೆ ಕಣಕ್ಕಾ, ಸಂತ ಪ್ಯಾಟ್ರಿಕ್‌ನದು. ಆತ ಹುಟ್ಟಿದ್ದು ಬ್ರಿಟನ್ನಿನಲ್ಲಿ. ಹದಿನಾರರ ಹುಡುಗನನ್ನು ಕಳ್ಳರು ಹೊತ್ತೊಯ್ದು ಐರ್ಲೆಂಡಿನಲ್ಲಿ ಕುರಿ ಕಾಯಲು ಹಚ್ಚಿದರಂತೆ. ದನ ಕಾಯ್ದ ಜುಂಜಪ್ಪನಿಗೆ ಕೈಮುಗಿಯುವ ನಮಗೆ ಇದೇನು ದೊಡ್ಡ ವಿಚಿತ್ರ ಅಲ್ಲ ಬಿಡಿ.

ಅಲ್ಲಿನ ರಾಜ ಹಬ್ಬದ ಬೆಂಕಿ ಹಚ್ಚೋ ಮೊದಲೇ ಈ ಪುಣ್ಯಾತ್ಮ ಸ್ಲೇನ್ ಗುಡ್ಡದ ಮೇಲೆ ಬೆಂಕಿ ಹಚ್ಚಿಬಿಟ್ಟ ಅಂತ ಅಲ್ಲಿ ಕತೆ. ಬೆಂಕಿ ಅಂದಕೂಡಲೇ ನನಗೆ ಹಟ್ಟಿ ಜಾತ್ರೆಯ ಕೊಬ್ಬರಿ ಸುಡೋದು ನೆನಪಾಗುತ್ತೆ. ಹರಕೆಯ ಒಣಕೊಬ್ಬರಿ ಧಗಧಗ ಉರಿಯುತ್ತಿದ್ದರೆ, ನಾವು ಚಿಕ್ಕವರು ಕಡ್ಡಿಯಲ್ಲಿ ಅರೆಸುಟ್ಟ ಚೂರು ಎಳೆದುಕೊಂಡು, ಮೂತಿಯೆಲ್ಲ ಮಸಿ ಮಾಡಿಕೊಂಡು ತಿನ್ನುತ್ತಿದ್ದೆವು. ಆ ರುಚಿ ಈಗಿನ ಯಾವ ಬಿಸ್ಕತ್ತಿಗಿದೆ, ಹೇಳಿ?

ಅದಿರಲಿ. ಇವತ್ತು ಪ್ಯಾಟ್ರಿಕ್ ಹಬ್ಬ ಅಂದರೆ ಬಿಯರ್ ಅಂತಾರಲ್ಲ, 1960ರ ಸುಮಾರಿನವರೆಗೂ ಐರ್ಲೆಂಡಿನಲ್ಲಿ ಅವತ್ತು ಹೆಂಡದಂಗಡಿಗಳಿಗೆ ಬೀಗ! ಡಬ್ಲಿನ್ನಿನಲ್ಲಿ ಅವತ್ತು ಒಂದು ನಾಯಿ ಪ್ರದರ್ಶನ ನಡೆಯುತ್ತಿತ್ತು, ಅಲ್ಲಿ ಮಾತ್ರ ಗುಟುಕು ಸಿಗುತ್ತಿತ್ತಂತೆ. ಹುಟ್ಟಿದಾರಭ್ಯ ಒಂದು ನಾಯಿಮರಿಗೂ ಅನ್ನ ಹಾಕದವರೆಲ್ಲ ಬೆಳಗ್ಗೆಯೇ ಹಾಜರು. ನಾಯಿಗಳಾದರೂ ಏನಂದುಕೊಂಡವೋ!

ಇನ್ನು ಅಮೆರಿಕದ ಚಿಕಾಗೋದವರದು ಇನ್ನೊಂದು ಹುಚ್ಚು. 1962ರಿಂದ ಹಬ್ಬಕ್ಕೆ ಹೊಳೆಗೇ ಹಸಿರು ಬಣ್ಣ ಸುರೀತಾರೆ. ಚರಂಡಿ ನೀರು ಎಲ್ಲಿ ಸೋರುತ್ತೆ ಅಂತ ಹುಡುಕಲು ಪ್ಲಂಬರ್‌ಗಳು ಇಟ್ಟುಕೊಂಡಿದ್ದ ಬಣ್ಣ ನೋಡಿ ಹೊಳೆದ ಉಪಾಯವಂತೆ ಅದು. ನೀರಿನ ಮಾತು ಬಂತು, 2022ರಲ್ಲಿ ನಮ್ಮ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತಲ್ಲ, 1933 ಆದಮೇಲೆ ಅದೇ ಮೊದಲು. ಹಿರಿಯೂರು, ಹೊಸದುರ್ಗದವರೆಲ್ಲ ಬುತ್ತಿ ಕಟ್ಟಿಕೊಂಡು ನೋಡೋಕೆ ಹೋಗಿದ್ದರು. ಆ ನೀರಿಗೆ ಯಾರಾದರೂ ಒಂದು ಡಬ್ಬಿ ಬಣ್ಣ ಸುರಿದಿದ್ದರೆ ತೋಟದವರು ದೊಣ್ಣೆ ಹಿಡಿದು ಬಂದಿರೋರು, ಅಲ್ವಾ?

ಪ್ಯಾಟ್ರಿಕ್ ಹಬ್ಬದ ಮೆರವಣಿಗೆ, ಬ್ಯಾಂಡು, ಎದೆಗೆ ಸಿಕ್ಕಿಸಿಕೊಳ್ಳೋ ಮೂರೆಲೆಯ ಸೊಪ್ಪು, ಎಲ್ಲ ಸರಿ. ಆದರೆ ತೇರು ಎಳೆಯೋ ಮುಂಚೆ ತಿಪ್ಪಜ್ಜನ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತಲ್ಲ, ಆ ಉಪಾಯ ಇನ್ನೂ ಅವರಿಗೆ ಹೊಳೆದಿಲ್ಲ. ಯಾರಾದರೂ ಒಂದು ಮಾತು ಹೇಳಬಾರದೇ? ಚಿಕಾಗೋದವರಿಗೆ ಬಣ್ಣದ ಖರ್ಚಾದರೂ ಗಿಟ್ಟೀತು.