ಮರಿಗೆ ಓಟ ಕಲಿಸಿದವರು

ನಾಯಿಮರಿ ಮನೆ ಬಿಟ್ಟು ಓಡಿಹೋಗದಂತೆ ಕಲಿಸುವುದು ಹೇಗೆ ಎಂದು ಕೇಳುವವರು ಬೆಂಗಳೂರಿನಲ್ಲಿ ಗಲ್ಲಿಗೊಬ್ಬರಿದ್ದಾರೆ. ಅವರ ವಿನಯ ದೊಡ್ಡದು. ಓಡಿಹೋಗುವ ವಿದ್ಯೆಯನ್ನು ಅಷ್ಟು ಶ್ರದ್ಧೆಯಿಂದ ಹೇಳಿಕೊಟ್ಟವರು ಅವರೇ ತಾನೆ?

ಪಾಠದ ಕ್ರಮ ನೋಡಿ. ಮರಿ ಗೇಟು ದಾಟುತ್ತದೆ. ಯಜಮಾನರು ಬರ್ಮುಡಾದಲ್ಲೇ ಹಿಂದೆ ಬೀಳುತ್ತಾರೆ, ಅವರ ಹಿಂದೆ ಮಗ, ಮಗನ ಹಿಂದೆ ಸೌಟು ಹಿಡಿದ ಅಜ್ಜಿ. ದಿನವಿಡೀ ಸೋಫಾದಲ್ಲಿ ಮೊಬೈಲು ಉಜ್ಜುತ್ತಿದ್ದ ಸಂಸಾರ ತನ್ನ ಸಲುವಾಗಿ ಎದ್ದು ಓಡುವುದನ್ನು ಮರಿ ಆಗಲೇ ಮೊದಲು ಕಾಣುವುದು. ಇಂಥ ಆಟವನ್ನು ಯಾವ ಮರಿ ಒಂದೇ ದಿನಕ್ಕೆ ಬಿಟ್ಟೀತು? ಬೆನ್ನಟ್ಟಿದಷ್ಟೂ ಅದು ದೂರ ಹೋಗುತ್ತದೆ. ನಾವೇ ತಿರುಗಿ ಮನೆಯ ಕಡೆ ಓಡಿದರೆ ಸಾಮಾನ್ಯವಾಗಿ ಅದೇ ನಮ್ಮನ್ನು ಅಟ್ಟಿಸಿಕೊಂಡು ಬರುತ್ತದೆ. ಆದರೆ ಮೂವತ್ತು-ನಲವತ್ತರ ಸೈಟಿನ ಒಡೆಯರು ನಾಯಿಗೆ ಬೆನ್ನು ತೋರಿಸುವುದುಂಟೆ!

ಆಟ ಸಾಕಾದ ಮೇಲೆ ಮರಿ ತಾನೇ ಬಾಲ ಅಲ್ಲಾಡಿಸುತ್ತ ಬರುತ್ತದೆ. ಈಗ ಎರಡನೆಯ ಪಾಠ. ಎರಡು ಬಾರಿಸಿ, "ಮತ್ತೆ ಹೋಗ್ತೀಯಾ? ಹೋಗ್ತೀಯಾ?" ಎಂದು ವಿಚಾರಣೆ. ಹತ್ತು ನಿಮಿಷದ ಹಿಂದಿನ ಅಪರಾಧವನ್ನೂ ಈಗ ಬಿದ್ದ ಏಟನ್ನೂ ಜೋಡಿಸಿ ನೋಡಲು ಮರಿಗೆ ಬರುವುದಿಲ್ಲ. ಅದರ ಲೆಕ್ಕ ಇಷ್ಟೇ: ಹೋದಾಗ ಮಜಾ, ಬಂದಾಗ ಏಟು. ಮುಂದಿನ ಸಲ ಬರುವುದಿಲ್ಲ. ಆಮೇಲೆ "ಬುದ್ಧಿಯೇ ಇಲ್ಲ ಇದಕ್ಕೆ" ಎನ್ನುತ್ತಾರೆ.

ಮಹಾಭಾರತದ ಆದಿಪರ್ವದಲ್ಲೂ ಇಂಥವರಿದ್ದಾರೆ. ಜನಮೇಜಯನ ತಮ್ಮಂದಿರು ಯಾಗದ ಜಾಗಕ್ಕೆ ಬಂದ ನಾಯಿಮರಿಯೊಂದನ್ನು ಹೊಡೆದು ಓಡಿಸಿದರು. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಅದರತ್ತ ನೋಡಿಯೂ ಇರಲಿಲ್ಲ. ತಾಯಿ ಸರಮೆ ಬಂದು ಏಕೆ ಹೊಡೆದಿರಿ ಎಂದು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಕಾಣದ ಭಯವೊಂದು ನಿಮ್ಮನ್ನು ಹಿಡಿಯಲಿ ಎಂದು ಶಪಿಸಿಹೋದಳು. ನಮ್ಮ ಮರಿಗಳ ತಾಯಿ ಎಲ್ಲೋ ಬ್ರೀಡರನ ಪಂಜರದಲ್ಲಿದ್ದಾಳೆ. ಅವಳು ಬಂದು ಕೇಳುವುದಿಲ್ಲವೆಂಬ ಧೈರ್ಯ ನಮಗೆ.

ಇನ್ನು ತಳಿಯ ಆಯ್ಕೆ. 1925ರಲ್ಲಿ ಅಲಾಸ್ಕದ ನೋಮ್ ಊರಿಗೆ ಡಿಫ್ತೀರಿಯಾ ಔಷಧವನ್ನು ಹಿಮಬಂಡಿಯ ನಾಯಿಗಳು ಸರದಿಯ ಮೇಲೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಎಳೆದು ಮುಟ್ಟಿಸಿದವು. ಆ ಹಿಂಡಿನಲ್ಲಿ ಸೈಬೀರಿಯನ್ ಹಸ್ಕಿಗಳಿದ್ದವು. ಅದೇ ಹಸ್ಕಿಯನ್ನು ತಂದು ವೈಟ್‌ಫೀಲ್ಡಿನ ಮೂರನೆಯ ಮಹಡಿಯಲ್ಲಿ ಎ.ಸಿ. ಹಾಕಿ ಕೂರಿಸಿ, "ಯಾಕೋ ಒಂದು ಕಡೆ ನಿಲ್ಲಲ್ಲ ಸಾರ್" ಎಂದು ಅಚ್ಚರಿಪಡುತ್ತೇವೆ. ಸ್ವದೇಶಾಭಿಮಾನಿಗಳು ಮುಧೋಳದ ಮರಿ ತರುತ್ತಾರೆ. ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಹೋಗುವುದೇ ಅದರ ಹುಟ್ಟುಗುಣ. ಅಂಚೆ ಇಲಾಖೆ 2005ರಲ್ಲಿ ಅದರ ಸ್ಟಾಂಪು ತಂದಿತ್ತು. ಅದು ಒಂದು ಕಡೆ ಅಂಟಿಕೊಂಡು ಕೂತದ್ದು ಆ ಸ್ಟಾಂಪಿನಲ್ಲಿ ಮಾತ್ರ.

ಓದಿಕೊಂಡವರು ಮೈಕ್ರೋಚಿಪ್ ಹಾಕಿಸಿ ನಿಶ್ಚಿಂತರಾಗುತ್ತಾರೆ, ಮೇಲಿಂದ ಇಸ್ರೋದವರೇ ಕಾಯುತ್ತಿರುವಂತೆ. ಚರ್ಮದಡಿ ಕೂರುವ ಆ ಅಕ್ಕಿಕಾಳಿನಷ್ಟು ಚಿಪ್ಪಿನಲ್ಲಿ ಬ್ಯಾಟರಿಯೂ ಇಲ್ಲ, ಅದಕ್ಕೆ ದಿಕ್ಕೂ ಗೊತ್ತಿಲ್ಲ. ಯಾರಾದರೂ ಮರಿಯನ್ನು ಹಿಡಿದು, ಯಂತ್ರವನ್ನು ಹತ್ತಿರ ಹಿಡಿದರೆ 15 ಅಂಕಿಗಳನ್ನು ಹೇಳುತ್ತದೆ, ಅಷ್ಟೇ. ಆ ಅಂಕಿಗೆ ನಿಮ್ಮ ವಿಳಾಸ ನೋಂದಾಯಿಸಿರದಿದ್ದರೆ ಅದೂ ದಂಡ.

ಸಂತಾನಹರಣ ಮಾಡಿಸಿದರೆ ಗಂಡು ನಾಯಿಯ ಅಲೆದಾಟ ಬಹುಮಟ್ಟಿಗೆ ತಗ್ಗುತ್ತದೆ ಎಂದು ಡಾಕ್ಟರು ಹೇಳಿ ನೋಡಲಿ. "ಪಾಪ, ಅದಕ್ಕೂ ಸಂಸಾರ ಸುಖ ಬೇಡವೇ?" ಎಂದು ಕೇಳುವವರು ಅದನ್ನು ಬಾಲ್ಕನಿಯಿಂದಾಚೆಗೆ ಬಿಡದ ಪುಣ್ಯಾತ್ಮರೇ.

ಮಾಡಬೇಕಾದದ್ದು ಬೇಸರ ಬರುವಷ್ಟು ಸುಲಭ. ಬ್ರೂನೋ ಬಾ ಎಂದು ಕರೆಯುವುದು ಸ್ನಾನಕ್ಕೆ, ಉಗುರು ಕತ್ತರಿಸಲಿಕ್ಕೆ, ಕೋಣೆಗೆ ಕೂಡಲಿಕ್ಕೆ ಮಾತ್ರವಾದರೆ ಬ್ರೂನೋ ಕಿವುಡಾಗುತ್ತದೆ. ಕರೆದಾಗಲೆಲ್ಲ ಬಾಯಿಗೆ ಒಂದು ತುಂಡು ಚಿಕನ್ ಬಿದ್ದರೆ ಕಿವಿ ತೆರೆಯುತ್ತದೆ. ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಆಮೇಲೆ ಉದ್ದನೆಯ ಹಗ್ಗ ಕಟ್ಟಿ ಮೈದಾನದಲ್ಲಿ. ಕೂತರಷ್ಟೇ ಗೇಟು ತೆರೆಯುತ್ತದೆಂದು ದಿನವೂ ತೋರಿಸಬೇಕು. ಎಷ್ಟು ತಡವಾಗಿ ಬಂದರೂ, ಎಷ್ಟು ಕೆಸರು ಮೆತ್ತಿಕೊಂಡು ಬಂದರೂ ತಲೆ ಸವರಬೇಕು. ಕೊನೆಯದು ಎಲ್ಲರಿಗೂ ಕಷ್ಟ. ಮಕ್ಕಳಿಗೇ ಹಾಗೆ ಮಾಡದವರು ನಾಯಿಗೆ ಮಾಡಿಯಾರೆ?

ದೀಪಾವಳಿ ಬಂದಾಗ ಪಟಾಕಿಗೆ ಬೆದರಿ ಎಷ್ಟೋ ನಾಯಿಗಳು ದಿಕ್ಕುಗೆಟ್ಟು ಓಡುತ್ತವೆ. ಆ ದಿನಗಳಲ್ಲಿ ಮರಿಯನ್ನು ಒಳಗಿನ ಕೋಣೆಯಲ್ಲಿರಿಸಿ, ಜೊತೆಗೆ ಒಬ್ಬರು ಕೂರಿ. ಬೆಲ್ಟಿನ ಮೇಲೆ ಅದರ ಹೆಸರನ್ನು ಬಂಗಾರದ ಬಣ್ಣದಲ್ಲಿ ಕೆತ್ತಿಸುವ ಬದಲು ನಿಮ್ಮ ಫೋನ್ ನಂಬರು ಬರೆಸಿ. ಸಿಕ್ಕವರು ಅದನ್ನು ಹೆಸರು ಹಿಡಿದು ಕರೆಯಬೇಕಾಗಿಲ್ಲ, ನಿಮಗೆ ಕರೆ ಮಾಡಿದರೆ ಸಾಕು.