ಥಂಡಿಯ ಯೆಲ್ಲೋ ಅಲರ್ಟ್: ಬಳಸುವ ವಿಧಾನ

ಮೊದಲೇ ಹೇಳಿಬಿಡಬೇಕು, ಚಡಚಣದಲ್ಲಿ ಹಿಮ ಬೀಳುವುದಿಲ್ಲ. ಬೀಳುವುದು ಇಬ್ಬನಿ, ಬೇಸಿಗೆಯಲ್ಲಿ ಒಮ್ಮೊಮ್ಮೆ ಆಣಿಕಲ್ಲು, ಅದೂ ದ್ರಾಕ್ಷಿ ಹಣ್ಣಾಗುವುದನ್ನೇ ಕಾದಂತೆ. ಆದ್ದರಿಂದ ಶಿಮ್ಲಾದ ವಿಡಿಯೊ ನೋಡಿ ಕಲಿತದ್ದನ್ನು ಮರೆತು, ಹವಾಮಾನ ಇಲಾಖೆ ವಿಜಯಪುರ ಜಿಲ್ಲೆಯ ನಕಾಶೆಗೆ ಚಳಿಗಾಲದ ಮೊದಲ ಹಳದಿ ಬಣ್ಣ ಬಳಿದ ಸಂಜೆ ಈ ಕೈಪಿಡಿಯನ್ನು ತೆರೆಯತಕ್ಕದ್ದು.

ಬೇಕಾಗುವ ಸಾಮಾನು: ಅಜ್ಜಿಯ ಹಳೆ ಸೀರೆಯಲ್ಲಿ ಹೊಲಿದ ಕೌದಿ ಒಂದು, ಸೋಲಾಪುರ ಚಾದರ ಒಂದು, ಮಂಕಿ ಟೋಪಿ, ಮಫ್ಲರ್, ಕೂಸಿದ್ದ ಮನೆಯಲ್ಲಿ ಕುಂಚಗಿ, ಮತ್ತು ಒಂದು ಬಾಟಲಿ ಕೊಬ್ಬರಿ ಎಣ್ಣೆ. ಎಣ್ಣೆ ತಲೆಗಲ್ಲ, ಥಂಡಿ ಅಳೆಯಲಿಕ್ಕೆ. "ಎಣ್ಣಿ ಗಟ್ಟಿ ಆಗೈತಿ" ಎಂದು ಆಯಿ ಬಾಟಲಿ ಅಲ್ಲಾಡಿಸಿ ತೋರಿಸಿದರೆ ಒಪ್ಪಿಕೊಳ್ಳಬೇಕು. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುವ ಎಣ್ಣೆ, ದೀಪಾವಳಿಯಿಂದಲೇ ಹಾಗಿದೆ ಎಂದು ವಾದಿಸಿದವನಿಗೆ ಬಿಸಿನೀರು ಸಿಗುವುದಿಲ್ಲ.

ಮುನ್ಸೂಚನೆ ಓದುವ ಕ್ರಮ ಹೀಗೆ. ಇಲಾಖೆಯ ಲೆಕ್ಕದಲ್ಲಿ ಬಯಲುಸೀಮೆಗೆ ಶೀತಗಾಳಿ ಎನ್ನಬೇಕಾದರೆ ಕನಿಷ್ಠ ಉಷ್ಣಾಂಶ 10 ಡಿಗ್ರಿಗೆ ಇಳಿಯಬೇಕು, ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕಡಿಮೆಯೂ ಇರಬೇಕು. ಈ ವಿಷಯವನ್ನು ಚಾದಂಗಡಿಯಲ್ಲಿ ಎತ್ತಕೂಡದು. ಇನ್ನು ನಮ್ಮದು ಗಡಿ ಊರು. ಧೂಳಖೇಡದ ಹತ್ತಿರ ಭೀಮೆ ದಾಟಿದರೆ ಮಹಾರಾಷ್ಟ್ರ. ಹಾಗಾಗಿ ಬೆಂಗಳೂರಿನವರು 'ಉತ್ತರ ಒಳನಾಡು' ಎಂದು ಹೇಳುವ ಅಂಕಿಯೂ ನಮ್ಮದೇ, ಸೋಲಾಪುರದ ಮರಾಠಿ ಚಾನೆಲ್ ಹೇಳುವ ಅಂಕಿಯೂ ನಮ್ಮದೇ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ನಂಬತಕ್ಕದ್ದು.

ಮರುದಿನ ಬೆಳಿಗ್ಗೆ ಚಾದಂಗಡಿಗೆ ಹೋಗಿ, ಎರಡೂ ಅಂಗೈಯಲ್ಲಿ ಗ್ಲಾಸು ಹಿಡಿದು, ಕುಡಿಯುವ ಮೊದಲು ಅದರ ಹಬೆಗೆ ಮುಖ ಒಡ್ಡಿ ನಿಲ್ಲಬೇಕು.

"ಇವತ್ತ ಎಷ್ಟ್ ಐತಿ ಕಾಕಾ?"

"ಹನ್ನೊಂದಂತ."

"ಹನ್ನೊಂದಾ? ಏ, ನಮ್ಮ ಹೊಲದಾಗ ಎಂಟ ಇತ್ತ್ ಬಿಡ್ರಿ."

ಅವನ ಹೊಲದಲ್ಲಿ ಥರ್ಮಾಮೀಟರ್ ಇಲ್ಲ. ಇದ್ದ ಮನೆಯಲ್ಲಿ ಅದು ಜ್ವರಕ್ಕೆ. ಆದರೆ ಅವನನ್ನು ನೋಡಿ ನಗಬೇಡಿ. ಮೋಡವಿಲ್ಲದ ಒಣ ರಾತ್ರಿಯಲ್ಲಿ ಬಯಲು ನೆಲ ತನ್ನ ಕಾವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ, ತಗ್ಗಿನ ಹೊಲದಲ್ಲಿ ಥಂಡಿ ಗಾಳಿ ನೀರಿನಂತೆ ಇಳಿದು ನಿಲ್ಲುತ್ತದೆ. ಗೋಡೆ, ಸಿಮೆಂಟು ಇರುವ ಊರು ಅಷ್ಟು ಬೇಗ ಆರುವುದಿಲ್ಲ. ಅಂಕಿ ಅವನ ಕೈಯದ್ದಿರಬಹುದು, ಮಾತು ಪೂರ್ತಿ ಸುಳ್ಳಲ್ಲ. ಅಷ್ಟರಲ್ಲಿ ಹಿರಿಯರೊಬ್ಬರು "ನಾವು ಸಣ್ಣಾವ್ರಿದ್ದಾಗ ಥಂಡಿ ಅಂದ್ರ ಥಂಡಿ" ಎಂದು ಶುರು ಮಾಡುತ್ತಾರೆ. ಮೈಮೇಲೆ ಎರಡು ಸ್ವೆಟರ್ ಹಾಕಿಕೊಂಡೇ ಹೇಳುತ್ತಾರೆ. ಮುಗಿಯುವ ತನಕ ಕೇಳತಕ್ಕದ್ದು.

ಸ್ವೆಟರ್ ಖರೀದಿಗೆ ಇಲ್ಲಿ ತೊಂದರೆಯಿಲ್ಲ. ಚಡಚಣಕ್ಕೆ ಜನ ಬರುವುದೇ ಬಟ್ಟೆಗೆ. ಅಲರ್ಟ್ ಬಂದ ದಿನ ಮದುವೆ ಸೀರೆಗಳು ಒಳಗೆ ಸರಿದು, ಸ್ವೆಟರುಗಳು ಬಾಗಿಲಿಗೆ ತೂಗುತ್ತವೆ. ಹಳದಿ ಬಣ್ಣ ಬರುವ ಮೊದಲು ಕೊಂಡರೆ ಅಗ್ಗ. ಆದ್ದರಿಂದ ಯಾರೂ ಕೊಳ್ಳುವುದಿಲ್ಲ. ಎರಡು ದಿನ ನಡುಗಿ, ಮೂರನೆಯ ಸಂಜೆ ಚೌಕಾಶಿ ಮಾಡಿ ತಂದದ್ದೇ ತಡ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು, ಮೋಡ ಇಲ್ಲಿಯವರೆಗೂ ಬಂದು, ರಾತ್ರಿ ಬೆಚ್ಚಗಾಗುತ್ತದೆ. ಇದು ಅಂಗಡಿಯವರ ತಪ್ಪಲ್ಲ.

ಸಮಯಪಾಲನೆ ಮುಖ್ಯ. ಸ್ವೆಟರನ್ನು 11 ಗಂಟೆಗೆ ಬಿಚ್ಚಿ ಸೊಂಟಕ್ಕೆ ಕಟ್ಟತಕ್ಕದ್ದು. ಮಧ್ಯಾಹ್ನ 2ಕ್ಕೆ ಫ್ಯಾನ್ ಹಚ್ಚತಕ್ಕದ್ದು, ಹಚ್ಚಿಕೊಂಡೇ "ಏನ್ ಥಂಡಿ ಮಾರಾಯಾ" ಅನ್ನಬಹುದು. ಮೇ ತಿಂಗಳ 42 ಡಿಗ್ರಿಯಲ್ಲಿ ತಲೆಗೊಂದು ಟಾವೆಲ್ ಸುತ್ತಿಕೊಂಡು ಸಂತೆಗೆ ಹೊರಡುವವರು ನಾವು. ಹತ್ತು ಡಿಗ್ರಿ ಅಂದ ಕೂಡಲೇ ನಮಗೆ ಏನಾಗುತ್ತದೋ.

ಬೆಂಕಿಗೆ ತೊಗರಿ ಕಟ್ಟಿಗೆ ಉತ್ತಮ. ಟೈರು ಬೇಡ, ಮುಂದಿನ ಓಣಿಯೂ ಕೆಮ್ಮುತ್ತದೆ. ಕೆಂಡದ ಶೇಗಡಿಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಈ ಒಂದು ಸಾಲಿನಲ್ಲಿ ತಮಾಷೆಯಿಲ್ಲ. ಕೆಂಡದಿಂದ ಏಳುವ ವಿಷಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳದೆ ಹೋಗಬಹುದು.

ಬಿಳಿಜೋಳ ಬಿತ್ತಿದವನನ್ನೂ ದ್ರಾಕ್ಷಿ ಹಚ್ಚಿದವನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಬಾರದು. ಎರೆ ನೆಲದ ಹಸಿಯನ್ನೇ ನಂಬಿದ ಹಿಂಗಾರಿ ಜೋಳಕ್ಕೆ ಥಂಡಿ ಬೇಕು. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೋದಾಗ ಇಬ್ಬನಿಗೆ ಧೋತರ ತೊಯ್ದರೆ ಅವನಿಗೆ ಹಿಗ್ಗು. ದ್ರಾಕ್ಷಿಯವನಿಗೆ ಪಾರಾ ಇಳಿದಷ್ಟೂ ಎದೆ ಇಳಿಯುತ್ತದೆ: ಕಾಯಿ ಉಬ್ಬುವುದಿಲ್ಲ, ಇಬ್ಬನಿಗೆ ರೋಗ ಹತ್ತುತ್ತದೆ, ಹಸಿರು ಮಣಿ ಗುಲಾಬಿಗೆ ತಿರುಗುವ ಭಯ ಬೇರೆ. ಒಬ್ಬ "ಬೀಳಲಿ" ಅನ್ನುತ್ತಾನೆ, ಇನ್ನೊಬ್ಬ "ಸಾಕ್ ಮಾಡಪ್ಪಾ" ಅನ್ನುತ್ತಾನೆ. ಇಬ್ಬರೂ ಬೇಡಿಕೊಳ್ಳುವುದು ಒಂದೇ ದೇವರಿಗೆ.

ಈ ಕೈಪಿಡಿ ಅನ್ವಯಿಸದವರೂ ಇದ್ದಾರೆ. ಮುನ್ಸೂಚನೆಯ ಕನಿಷ್ಠ ಉಷ್ಣಾಂಶವೆಂಬುದು ಸೂರ್ಯ ಹುಟ್ಟುವ ಮುಂಚಿನ ಗಳಿಗೆಯದು. ಕೌದಿಯೊಳಗಿದ್ದವರು ಅದನ್ನು ಮೊಬೈಲಿನಲ್ಲಿ ನೋಡುತ್ತಾರೆ. ತ್ರೀಫೇಸ್ ಕರೆಂಟಿನ ರಾತ್ರಿ ಪಾಳಿ ಬಂದವನು ಆ ಹೊತ್ತಿಗೆ ಕಬ್ಬಿನ ಸಾಲಿನಲ್ಲಿ ನೀರು ತಿರುವುತ್ತಿರುತ್ತಾನೆ. ಬಲಗೈಯಲ್ಲಿ ಸಲಿಕೆ, ಕಂಕುಳಲ್ಲಿ ಬ್ಯಾಟರಿ, ಕಿವಿಗೆ ಟಾವೆಲ್. ಎರೆ ಮಣ್ಣು ಚಪ್ಪಲಿಯನ್ನು ಎಳೆದುಕೊಳ್ಳುತ್ತದೆಂದು ಬರಿಗಾಲು. ಒಡ್ಡಿನ ಮೇಲೆ ನಿಂತರೆ ಕಾಲು ಜೋಮು ಹಿಡಿಯುತ್ತದೆ. ಬೋರಿನ ನೀರು ನೆಲದೊಳಗಿನ ಕಾವು ಹೊತ್ತು ಬರುತ್ತದೆ. ಪೈಪಿನ ಬಾಯಿಯಲ್ಲಿ ಸಣ್ಣಗೆ ಹಬೆಯಾಡುತ್ತಿರುತ್ತದೆ. ಅವನು ಅಲ್ಲಿಗೇ ಹೋಗಿ, ಪಾದ ಮುಳುಗುವಷ್ಟು ಆ ನೀರಿನಲ್ಲಿ ನಿಂತು ಬೀಡಿ ಹಚ್ಚುತ್ತಾನೆ.

"ಮಾಮಾ, ಅಲ್ಲಿ ಎಷ್ಟ್ ಡಿಗ್ರಿ ಐತಿ?" ಎಂದು ಫೋನಿನಲ್ಲಿ ಕೇಳಿದರೆ ಹೇಳುತ್ತಾನೆ:

"ಕರೆಂಟ್ ಐದಕ್ಕ ಹೋಗ್ತೈತಿ ತಮ್ಮಾ. ಅಲ್ಲಿತನಕ ಎಷ್ಟರ ಇರ್ಲಿ."